ಸದರಿ

ಸೀರಿಯಲ್ ಎಂದರೆ ನಮ್ಮಂಥವರಿಗೆ ಗೊತ್ತಿರುವುದು ಎರಡೇ ಅರ್ಥ. ಒಂದು, ಸಂಜೆ ದೀಪ ಹಚ್ಚಿದ ಮೇಲೆ ಟಿ.ವಿ.ಯಲ್ಲಿ ಅತ್ತೆ ಸೊಸೆಯರು ಜರಿ ಸೀರೆ ಉಟ್ಟುಕೊಂಡೇ ಅಳುವುದು. ಇನ್ನೊಂದು, ವಾರಪತ್ರಿಕೆ ಬಂದ ದಿನ ಮನೆಯಲ್ಲಿ ಕಿತ್ತಾಡಿ ಓದುತ್ತಿದ್ದ ಧಾರಾವಾಹಿ. ಹಾಗಾಗಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು ಒಂದು ದಿನ ಫೋನಿನಲ್ಲಿ, "ಅಮ್ಮಾ, ಆಮೇಲೆ ಮಾತಾಡ್ತೀನಿ, ಸೀರಿಯಲೈಸೇಶನ್ನಿಂದ ಜೀವ ಹೋಗ್ತಿದೆ" ಎಂದಾಗ ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತಿ, "ಅವಳೂ ನೋಡೋಕೆ ಶುರು ಮಾಡಿದಳಾ?" ಎಂದು ಕೇಳಿದರು.

ಆಮೇಲೆ ತಿಳಿಯಿತು, ನಮ್ಮ ಧಾರಾವಾಹಿ ಎಂಬ ಮಾತು ಅಷ್ಟೇನೂ ದೂರದ್ದಲ್ಲ ಎಂದು. ಕಂಪ್ಯೂಟರಿನ ನೆನಪಿನೊಳಗೆ ಒಂದು ಸಂಗತಿ, ಅವರ ಭಾಷೆಯಲ್ಲಿ ಆಬ್ಜೆಕ್ಟ್, ಆಟದ ಪೀರಿಯಡ್ಡಿನ ಮಕ್ಕಳ ಹಾಗೆ ಅಲ್ಲೊಂದು ಇಲ್ಲೊಂದು ಹರಡಿಕೊಂಡಿರುತ್ತದೆ. ಇವನು ಅವನ ಕೈ ಹಿಡಿದಿರುತ್ತಾನೆ, ಅವನು ಇನ್ನೊಬ್ಬನ ಅಂಗಿ ಎಳೆಯುತ್ತಿರುತ್ತಾನೆ. ಹಾಗೆಯೇ ಅದನ್ನು ತಂತಿಯ ಮೇಲೆ ಇನ್ನೊಂದು ಕಂಪ್ಯೂಟರಿಗೆ ಕಳಿಸಲು ಬರುವುದಿಲ್ಲ. ಗಂಟೆ ಹೊಡೆದು, ಎಲ್ಲರನ್ನೂ ಒಬ್ಬರ ಹಿಂದೆ ಒಬ್ಬರಂತೆ ಸಾಲು ನಿಲ್ಲಿಸಿ ಕಳಿಸಬೇಕು. ಆ ಕಡೆ ತಲುಪಿದ ಮೇಲೆ ಯಾರು ಯಾರ ಕೈ ಹಿಡಿದಿದ್ದರೋ ಹಾಗೆಯೇ ಮತ್ತೆ ಹಿಡಿಸಬೇಕು. ಈ ಸಾಲು ಕಟ್ಟುವ ಕೆಲಸವೇ ಸೀರಿಯಲೈಸ್ ಮಾಡುವುದು. ಸಾಲು ಹರಿದು ಹೋಗುವ ದಾರಿಗೆ ಸ್ಟ್ರೀಮ್ ಎನ್ನುತ್ತಾರೆ, ಎಂದರೆ ಧಾರೆ. ಧಾರೆಯಲ್ಲಿ ಹೋಗುವುದು ಧಾರಾವಾಹಿಯಲ್ಲದೆ ಮತ್ತೇನು? ಕನ್ನಡದಲ್ಲಿ ಬಿ.ಎ. ಮಾಡಿದ್ದಕ್ಕೆ ಇಷ್ಟಾದರೂ ಹೇಳಬಾರದೆ ಎಂದು ಮಗಳಿಗೆ ಹೇಳಿದೆ. ಅವಳಿಗೆ ನಗುವಷ್ಟು ಪುರುಸೊತ್ತೂ ಇರಲಿಲ್ಲ.

ಇರಲಿಲ್ಲ ಎನ್ನುವುದಕ್ಕೆ ಕಾರಣವಿತ್ತು. ಅವಳಿದ್ದದ್ದು ನರ್ಸಿಂಗ್ ಹೋಮ್‌ಗಳಿಗೆ ಪ್ರೋಗ್ರಾಮು ಬರೆದುಕೊಡುವ ಒಂದು ಸಣ್ಣ ಕಂಪನಿಯಲ್ಲಿ. ಡಾಕ್ಟರು ತಮ್ಮ ಕೋಣೆಯಲ್ಲಿ ಕೂತು ಔಷಧಿ ಬರೆದರೆ ಅದು ವಾರ್ಡಿನಲ್ಲಿ ಸಿಸ್ಟರ್‌ಗಳ ಮೇಜಿನ ಮೇಲಿರುವ ಪರದೆಯಲ್ಲಿ ಕಾಣಿಸಬೇಕು. ಇಷ್ಟೇ ಕೆಲಸ. ಒಂದು ಊರಿನ ನರ್ಸಿಂಗ್ ಹೋಮಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಮಲಗಿದ್ದರು. ಮೊದಲ ದಿನ ಇನ್ಸುಲಿನ್ ಹನ್ನೆರಡು ಯೂನಿಟ್ ಎಂದು ಬರೆದಿದ್ದರು. ಅಜ್ಜಿಗೆ ಊಟ ಸೇರದೆ ಹೋದ್ದರಿಂದ ಮಾರನೆಯ ಬೆಳಿಗ್ಗೆ ಡಾಕ್ಟರು ಅದನ್ನು ಎಂಟಕ್ಕೆ ಇಳಿಸಿದರು. ಕಂಪ್ಯೂಟರಿನಲ್ಲೂ ತಿದ್ದಿದರು, ಹಾಸಿಗೆಯ ಬಳಿಯ ಕಾಗದದಲ್ಲೂ ಬರೆದರು. ರಾತ್ರಿ ಪಾಳಿಯ ಸಿಸ್ಟರು ಪರದೆ ನೋಡಿದರೆ ಅಲ್ಲಿ ಹನ್ನೆರಡೇ ಇದೆ! ಕಾಗದದಲ್ಲಿ ಎಂಟು. ಅವರು ಹಳೆಯ ಕಾಲದವರು, ಪರದೆಗಿಂತ ಡಾಕ್ಟರ ಕೈಬರಹ ನಂಬುವವರು. ಹಾಗಿದ್ದೂ ಡಾಕ್ಟರಿಗೆ ಫೋನು ಮಾಡಿ ಕೇಳಿಯೇ ಸೂಜಿ ಚುಚ್ಚಿದರು. ಮನೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ನೋಡಿಕೊಂಡ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊಟ ಮಾಡದವರಿಗೆ ಇನ್ಸುಲಿನ್ ಹೆಚ್ಚಾಗಿ ನಡುರಾತ್ರಿ ಸಕ್ಕರೆ ಇಳಿದುಹೋದರೆ, ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದವರಿಗೆ ಎಬ್ಬಿಸಲಾಗುವುದಿಲ್ಲ.

ಮರುದಿನ ಆ ನರ್ಸಿಂಗ್ ಹೋಮಿನವರು ಕಂಪನಿಗೆ ಫೋನು ಮಾಡಿದರು. ಅಲ್ಲಿ ಫೋನೆತ್ತಿಕೊಂಡ ಹುಡುಗ ಎಲ್ಲ ರೋಗಕ್ಕೂ ಇರುವ ಒಂದೇ ಮದ್ದು ಹೇಳಿದ: ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮಾಡಿದರು. ಪರದೆಯಲ್ಲಿ ಎಂಟು ಬಂತು! ಎಲ್ಲರೂ ಕೈತೊಳೆದುಕೊಂಡರು.

ಆದರೆ ನಮ್ಮ ಹುಡುಗಿ ಬಿಡಲಿಲ್ಲ. ಹಿಂದಿನ ದೂರುಗಳ ಕಡತ ತೆಗೆಸಿ ನೋಡಿದರೆ ಇಂಥದೇ ಇನ್ನೂ ನಾಲ್ಕಾರು ಇದ್ದವು. ಎಲ್ಲದರ ಕೊನೆಯಲ್ಲೂ 'ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಹೋಯಿತು' ಎಂಬ ಷರಾ. ಪರೀಕ್ಷೆ ಮಾಡುವವರು ಪ್ರತಿಸಲವೂ ಹೊಸ ರೋಗಿಯನ್ನು ದಾಖಲು ಮಾಡಿ ನೋಡುತ್ತಿದ್ದರು, ಸರಿಯಾಗಿಯೇ ಬರುತ್ತಿತ್ತು. ಹಳೆಯ ರೋಗಿಯ ಔಷಧಿ ಬದಲಾದಾಗ ಮಾತ್ರ, ಅದೂ ಯಂತ್ರವನ್ನು ಆರಿಸದೆ ಇದ್ದಾಗ ಮಾತ್ರ, ಹಳೆಯದೇ ಹೋಗುತ್ತಿತ್ತು. ವೈದ್ಯರ ಮುಂದೆ ಕೂತ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ!

ನಾಲ್ಕು ದಿನ ಅವಳು ಊಟ ತಿಂಡಿ ಸರಿಯಾಗಿ ಮಾಡಲಿಲ್ಲ. ಆ ಪ್ರೋಗ್ರಾಮು ಬರೆದವರು ಎಂದೋ ಕೆಲಸ ಬಿಟ್ಟು ಹೋಗಿದ್ದರು. ಬೇರೆಯವರು ಬರೆದಿಟ್ಟದ್ದನ್ನು ಓದಿ ಅರ್ಥ ಮಾಡಿಕೊಳ್ಳುವ ಕಷ್ಟ ನನಗೆ ಗೊತ್ತು. ಮೂವತ್ತು ವರ್ಷದಿಂದ ಉತ್ತರ ಪತ್ರಿಕೆ ತಿದ್ದುತ್ತಿದ್ದೇನೆ.

ಆ ಶನಿವಾರ ಊರಿಗೆ ಬಂದಾಗ ಕಾರಣ ಸಿಕ್ಕಿದೆ ಎಂದಳು. ಹೇಗೆ ವಿವರಿಸುವುದೆಂದು ಸುತ್ತ ನೋಡಿ, ನಾನು ಮನೆಗೆ ತಂದಿದ್ದ ಶಾಲೆಯ ಸಾಮಾನಿನ ಪಟ್ಟಿಯನ್ನೇ ಎಳೆದುಕೊಂಡಳು. ಅದರಲ್ಲಿ ಒಂದು ಕಂಬಸಾಲಿನಲ್ಲಿ ಅಂಗಡಿಯ ಹೆಸರು ಮೊದಲನೆಯ ಸಾಲಿಗೆ ಪೂರ್ತಿ ಇದೆ, ಅದರ ಕೆಳಗೆಲ್ಲ 'ಸದರಿ', 'ಸದರಿ', 'ಸದರಿ'.

"ಇದೇ ನೋಡಮ್ಮ" ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ಅವರು ಬಳಸಿದ್ದು ಜಾವಾ ಎಂಬ ಭಾಷೆ. ಹೆಸರು ಜಾವಾ ದ್ವೀಪದ ಕಾಫಿಯಿಂದ ಬಂದದ್ದಂತೆ, ಗುರುತಿನ ಚಿತ್ರವೂ ಹೊಗೆಯಾಡುವ ಲೋಟ. ಅದರಲ್ಲಿ ವಸ್ತುಗಳನ್ನು ಸಾಲು ಕಟ್ಟಿ ಕಳಿಸಲು ಆಬ್ಜೆಕ್ಟ್‌ಔಟ್‌ಪುಟ್‌ಸ್ಟ್ರೀಮ್ ಎಂಬ ಗುಮಾಸ್ತನಿದ್ದಾನೆ. 1997ರಲ್ಲಿ ಜಾವಾ 1.1ರ ಜೊತೆ ಬಂದವನು. ಈ ಗುಮಾಸ್ತ ಒಂದು ವಸ್ತುವನ್ನು ಮೊದಲ ಸಲ ಬರೆಯುವಾಗ ಪೂರ್ತಿ ಬರೆದು, ಅದಕ್ಕೊಂದು ಸಂಖ್ಯೆ ಕೊಡುತ್ತಾನೆ. ಅದೇ ವಸ್ತುವನ್ನು ಮತ್ತೆ ಕೊಟ್ಟು 'ಬರೆ' ಎಂದರೆ, "ಓ, ಇವಳನ್ನು ಆಗಲೇ ಬರೆದಿದ್ದೇನಲ್ಲ" ಎಂದು ಆ ಸಂಖ್ಯೆಯನ್ನಷ್ಟೇ ಬರೆದು ಮುಗಿಸುತ್ತಾನೆ. ಸದರಿ! ಮುಖ ನೋಡುತ್ತಾನೆಯೇ ಹೊರತು ಕೈಯಲ್ಲಿ ಏನು ಹಿಡಿದಿದ್ದಾಳೆ ಎಂದು ನೋಡುವುದಿಲ್ಲ. ಈ ಕಡೆ ಅಜ್ಜಿಯ ಇನ್ಸುಲಿನ್ ಹನ್ನೆರಡು ಹೋಗಿ ಎಂಟಾಗಿದೆ. ಅಜ್ಜಿ ಮಾತ್ರ ಅದೇ ಅಜ್ಜಿ. ಆದ್ದರಿಂದ ಗುಮಾಸ್ತ 'ಸದರಿ' ಎಂದು ಕಳಿಸುತ್ತಾನೆ. ಆ ಕಡೆಯವನು ಸದರಿ ಎಂದರೆ ಯಾರು ಎಂದು ಮೇಲೆ ನೋಡುತ್ತಾನೆ, ಅಲ್ಲಿ ನಿನ್ನೆಯ ಹನ್ನೆರಡು ಯೂನಿಟ್ಟಿನ ಅಜ್ಜಿ ಇದ್ದಾರೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಕೆಲಸ ತಪ್ಪಿಸಿಲ್ಲ, ಕೆಂಪು ದೀಪವೂ ಹತ್ತುವುದಿಲ್ಲ. ಯಂತ್ರ ಆರಿಸಿ ಹಚ್ಚಿದರೆ ಹೊಸ ಧಾರೆ, ಹೊಸ ಗುಮಾಸ್ತ. ಅವನಿಗೆ ಹಳೆಯ ನೆನಪಿಲ್ಲವಾಗಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತಾನೆ. ಅದಕ್ಕೇ ಆ ಹುಡುಗನ ಮದ್ದು ಫಲಿಸುತ್ತಿದ್ದದ್ದು.

ಇನ್ನೊಂದು ಸ್ವಾರಸ್ಯ ಕೇಳಿ. ಬರೆದದ್ದನ್ನೆಲ್ಲ ಗುರುತಿಟ್ಟುಕೊಳ್ಳಬೇಕಲ್ಲ, ಅದಕ್ಕಾಗಿ ಆ ಗುಮಾಸ್ತ ಒಂದು ವಸ್ತುವನ್ನೂ ಕೈಬಿಡುವುದಿಲ್ಲ. ಬಿಡುಗಡೆಯಾಗಿ ಮನೆಗೆ ಹೋದ ರೋಗಿಗಳೂ ಅವನ ಪಟ್ಟಿಯಲ್ಲಿ ಹಾಗೆಯೇ. ಹೀಗೆ ನೆನಪು ತುಂಬಿ ತುಂಬಿ ಯಂತ್ರ ನಿಧಾನವಾಗುತ್ತಿತ್ತು. ಹತ್ತು ಹದಿನೈದು ದಿನಕ್ಕೊಮ್ಮೆ ಬೇಸತ್ತು ಆರಿಸಿ ಹಚ್ಚುತ್ತಿದ್ದರು. ಒಂದು ರೋಗ ಇನ್ನೊಂದನ್ನು ಮುಚ್ಚಿಟ್ಟಿತ್ತು.

"ಎಂಥ ದಡ್ಡ ಗುಮಾಸ್ತನಪ್ಪ!" ಎಂದೆ ನಾನು. ಮಗಳು ಒಪ್ಪಲಿಲ್ಲ. "ಅವನು ಸದರಿ ಬರೆಯದೇ ಇದ್ದರೆ ಏನಾಗುತ್ತೆ ಯೋಚನೆ ಮಾಡು. ಅಪ್ಪನ ವಿವರ ಬರಿ ಅಂದರೆ ಹೆಂಡತಿ ಯಾರು ಅಂತ ನಿನ್ನನ್ನು ಬರೆಯಬೇಕು. ನಿನ್ನನ್ನು ಬರೆಯುವಾಗ ಗಂಡ ಯಾರು ಅಂತ ಅಪ್ಪನನ್ನು ಬರೆಯಬೇಕು. ಮತ್ತೆ ಅಪ್ಪನ ಹೆಂಡತಿ ಯಾರು..." ನಿಜ, ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಇನ್ನೂ ಒಂದಿದೆ. ಹತ್ತು ರೋಗಿಗಳಿಗೆ ಒಬ್ಬರೇ ಡಾಕ್ಟರು ಇದ್ದರೆ, ಸದರಿ ಎಂದು ಬರೆದದ್ದರಿಂದಲೇ ಆ ಕಡೆಯೂ ಅವರು ಒಬ್ಬರೇ ಆಗಿ ಉಳಿಯುತ್ತಾರೆ. ಪ್ರತಿ ರೋಗಿಯನ್ನೂ ಬೇರೆ ಬೇರೆ ಧಾರೆಯಲ್ಲಿ ಕಳಿಸಿದರೆ ಹತ್ತು ಡಾಕ್ಟರುಗಳು ಹುಟ್ಟಿಕೊಳ್ಳುತ್ತಾರೆ. ಒಬ್ಬರ ಫೋನ್ ನಂಬರು ತಿದ್ದಿದರೆ ಉಳಿದ ಒಂಬತ್ತು ಮಂದಿಯದು ಹಳೆಯದೇ. ಒಂದು ಮನೆಯ ರೇಷನ್ ಕಾರ್ಡನ್ನು ಝೆರಾಕ್ಸ್ ಮಾಡಿಸಿ ನಾಲ್ಕು ಕಡೆ ಕೊಟ್ಟ ಮೇಲೆ ಸೊಸೆಯ ಹೆಸರು ಸೇರಿಸಿದ ಹಾಗೆ. ಅಸಲಿನಲ್ಲಿ ಸೊಸೆ ಇದ್ದಾಳೆ, ಝೆರಾಕ್ಸುಗಳಲ್ಲಿ ಇಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಮದುವೆಯಾಗಿ ಹೆಸರಿನ ಬಾಲ ಬದಲಾಯಿಸಿಕೊಂಡವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಒಬ್ಬಳು, ಬ್ಯಾಂಕಿನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಎಂದು ಮುದ್ರೆ ಹಾಕಿಸಿಕೊಳ್ಳಲು ನೋಟರಿಯ ಮುಂದೆ ಸರತಿಯಲ್ಲಿ ನಿಲ್ಲಬೇಕು.

ಕಾರಣ ತಿಳಿದ ಕೂಡಲೇ ಮದ್ದು ಸಿಕ್ಕಿತು ಎಂದುಕೊಳ್ಳಬೇಡಿ. ಅದೇ ಗುಮಾಸ್ತನಿಗೆ 'ರೈಟ್‌ಅನ್‌ಶೇರ್ಡ್' ಎಂಬ ಇನ್ನೊಂದು ಆಜ್ಞೆಯಿದೆ: ಸದರಿ ಬೇಡ, ಹೊಸದಾಗಿಯೇ ಬರೆ ಎಂದು. ಕಂಪನಿಯಲ್ಲಿ ಒಬ್ಬರು ಅದನ್ನು ಹಾಕಿ ಗೆದ್ದೆವು ಎಂದರು. ಪರೀಕ್ಷಿಸಿ ನೋಡಿದರೆ ಅಜ್ಜಿಯ ಹಾಸಿಗೆ ನಂಬರು ಬದಲಾದದ್ದು ಸರಿಯಾಗಿ ಹೋಗುತ್ತಿದೆ, ಔಷಧಿ ಮಾತ್ರ ಹಳೆಯದೇ! ಏಕೆಂದರೆ ಆ ಆಜ್ಞೆ ಮೇಲಿನ ಒಂದು ಪದರಕ್ಕಷ್ಟೇ ಅನ್ವಯ. ಅಜ್ಜಿಯನ್ನು ಹೊಸದಾಗಿ ಬರೆಯುತ್ತಾನೆ, ಅವರ ಕೈಯಲ್ಲಿರುವ ಔಷಧಿ ಚೀಟಿ ಬೇರೆ ವಸ್ತುವಾದ್ದರಿಂದ ಅದಕ್ಕೆ ಮತ್ತೆ ಸದರಿ. ಮನೆಗೆ ಹೊರಗಿನಿಂದ ಸುಣ್ಣ ಹೊಡೆಸಿ ಅಡುಗೆಮನೆಯ ಮಸಿಯನ್ನು ಹಾಗೆಯೇ ಬಿಟ್ಟಂತೆ. ಇದು ಮೊದಲಿನದಕ್ಕಿಂತ ಕೆಟ್ಟದ್ದೆಂದು ನನಗೆ ತೋರುತ್ತದೆ. ಎಲ್ಲವೂ ಹಳತಾಗಿದ್ದರೆ ಯಾರಾದರೂ ಅನುಮಾನಪಟ್ಟಾರು. ಹಾಸಿಗೆ ನಂಬರು ಸರಿಯಾಗಿದ್ದರೆ ಔಷಧಿಯೂ ಸರಿ ಇದ್ದೀತೆಂದು ಎಂಥವರೂ ನಂಬುತ್ತಾರೆ.

'ರೀಸೆಟ್' ಎಂಬುದು ಇನ್ನೊಂದು ಆಜ್ಞೆ. ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಮರೆತುಬಿಡು ಎಂದು ಗುಮಾಸ್ತನಿಗೆ ಹೇಳುವುದು. ಅದು ಕೆಲಸ ಮಾಡುತ್ತದೆ. ಆದರೆ ಮರೆತ ಮೇಲೆ ವಸ್ತುಗಳ ವಿವರಣೆಯನ್ನೂ ಸೇರಿಸಿ ಎಲ್ಲವನ್ನೂ ಮತ್ತೆ ಬರೆಯಬೇಕು, ಹೊರೆ ಹೆಚ್ಚು. ಅಂದಿನ ಮಟ್ಟಿಗೆ ಅದನ್ನೇ ಹಾಕಿದರು. ಸಿಸ್ಟರುಗಳ ಪರದೆ ಒಂದು ಗಳಿಗೆ ತಡವಾದರೂ ಸರಿ, ತಪ್ಪಾಗಬಾರದು ಎಂದು ನಮ್ಮ ಹುಡುಗಿ ಹಟ ಹಿಡಿದಳಂತೆ.

ಇದು ಜಾವಾದವರ ಜಾತಕದೋಷ ಮಾತ್ರವೇ ಎಂದು ಕೇಳಿದೆ. ಅಲ್ಲವಂತೆ. ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಈ ಕೆಲಸದ ಹೆಸರೇ ಪಿಕಲ್, ಎಂದರೆ ಸಾಕ್ಷಾತ್ ಉಪ್ಪಿನಕಾಯಿ! ಕೆಡದಂತೆ ಕಾಪಿಡುವುದು ಎಂಬ ಅರ್ಥದಲ್ಲಿ. ಈ ಹೆಸರಿಟ್ಟವರ ಮೇಲೆ ನನಗೆ ತುಂಬ ಗೌರವ ಬಂತು. ನಮ್ಮ ಮಲೆನಾಡಿನಲ್ಲಿ ಅಪ್ಪೆಮಿಡಿಯ ಕಾಲದಲ್ಲಿ ಹೆಂಗಸರು ಮಾತಾಡುವುದೆಲ್ಲ ಇದನ್ನೇ ತಾನೆ? ಜಾಡಿಯ ಬಾಯಿ ಕಟ್ಟಿದ ಗಳಿಗೆಯಲ್ಲಿ ಮಿಡಿ ಹೇಗಿತ್ತೋ ಹಾಗೆ ಉಳಿಯಬೇಕು. ಮರದಲ್ಲಿ ಉಳಿದದ್ದು ಆಮೇಲೆ ಹಣ್ಣಾದರೂ ಜಾಡಿಯಲ್ಲಿರುವುದಕ್ಕೆ ಆ ಸುದ್ದಿ ಹೋಗುವುದಿಲ್ಲ. ಒಬ್ಬನೇ ಪಿಕಲ್ ಮಾಡುವವನ ಕೈಗೆ ಅದೇ ವಸ್ತುವನ್ನು ಎರಡನೆಯ ಸಲ ಕೊಟ್ಟರೆ ಅವನೂ ಸದರಿ ಎಂದೇ ಬರೆಯುತ್ತಾನೆ. ಮಧ್ಯೆ ವಸ್ತು ಬದಲಾಗಿದ್ದರೆ ಅದು ಹೋಗುವುದಿಲ್ಲ ಎಂದು ಆ ಭಾಷೆಯ ಕೈಪಿಡಿಯಲ್ಲೇ ಎಚ್ಚರಿಕೆ ಇದೆಯಂತೆ. ಗುರುತಿಲ್ಲದವರು ಕೊಟ್ಟ ಪಿಕಲನ್ನು ಬಿಚ್ಚಲೇಬೇಡಿ ಎಂಬ ಎಚ್ಚರಿಕೆಯೂ ಇದೆ, ಏಕೆಂದರೆ ಬಿಚ್ಚುವಾಗಲೇ ಅದರೊಳಗಿಂದ ಬೇಡದ ಕೆಲಸ ನಡೆಯುವಂತೆ ಮಾಡಲು ಬರುತ್ತದೆ. ನಮ್ಮ ಅತ್ತೆ ಪರರ ಮನೆಯ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಅವರ ಕಾರಣ ಬೇರೆ.

ಅದೇ ಪೈಥಾನಿನಲ್ಲಿ ಶೆಲ್ವ್ ಎಂಬ ಕಪಾಟೂ ಇದೆ. ಹೆಸರು ಬರೆದ ಡಬ್ಬಗಳಲ್ಲಿ ಸಾಮಾನು ಇಟ್ಟ ಹಾಗೆ ಅದರಲ್ಲಿ ವಸ್ತುಗಳನ್ನು ಇಡಬಹುದು, ಯಂತ್ರ ಆರಿದರೂ ಉಳಿಯುತ್ತವೆ. ಅದರಲ್ಲೊಂದು ಪಟ್ಟಿ ಇಟ್ಟು, ಆಮೇಲೆ ಆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿದಿರಿ ಎನ್ನಿ. ಸೇರಿದಂತೆಯೇ ಕಾಣುತ್ತದೆ. ಮಾರನೆಯ ದಿನ ನೋಡಿದರೆ ಇಲ್ಲ! ಕಪಾಟಿನಿಂದ ನಿಮ್ಮ ಕೈಗೆ ಬಂದದ್ದು ಒಂದು ನಕಲು. ಜಾಡಿಯಿಂದ ಬಟ್ಟಲಿಗೆ ತೆಗೆದುಕೊಂಡ ಉಪ್ಪಿನಕಾಯಿ. ಬಟ್ಟಲಿಗೆ ಉಪ್ಪು ಬೆರೆಸಿದರೆ ಜಾಡಿಗೆ ಉಪ್ಪು ಬಿದ್ದೀತೆ? ತಿರುಗಿ ಕಪಾಟಿನಲ್ಲಿ ಇಡು ಎಂದು ಬಾಯಿಬಿಟ್ಟು ಹೇಳಬೇಕು. ಇಲ್ಲವೇ 'ರೈಟ್‌ಬ್ಯಾಕ್' ಎಂಬ ಏರ್ಪಾಡು ಹಚ್ಚಿದರೆ ತೆಗೆದದ್ದನ್ನೆಲ್ಲ ನೆನಪಿಟ್ಟುಕೊಂಡು ಕೊನೆಗೆ ಬಾಗಿಲು ಹಾಕುವಾಗ ಎಲ್ಲವನ್ನೂ ಮತ್ತೆ ತುಂಬುತ್ತದೆ. ಬದಲಾಗಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಎಲ್ಲವನ್ನೂ ತುಂಬುತ್ತದೆ, ಅದಕ್ಕೇ ಬಾಗಿಲು ಹಾಕಲು ಹೊತ್ತು ಹಿಡಿಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ತೋಚಿದ್ದು, ತಿದ್ದುವುದೇ ತಪ್ಪು ಎಂದು. ನಮ್ಮ ದಾಖಲಾತಿ ಪುಸ್ತಕದಲ್ಲಿ ಯಾರೂ ರಬ್ಬರಿನಿಂದ ಅಳಿಸುವುದಿಲ್ಲ. ತಪ್ಪಾಗಿದ್ದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದು ಬರೆದು, ಕೆಂಪು ಶಾಯಿಯಲ್ಲಿ ಹೆಡ್‌ಮಾಸ್ಟರು ಸಹಿ ಹಾಕಬೇಕು. ಹಳೆಯದು ಹಳೆಯದಾಗಿ ಉಳಿಯುತ್ತದೆ, ಹೊಸದು ಹೊಸದಾಗಿ ಕಾಣುತ್ತದೆ. ಇದನ್ನು ಹೇಳಿದಾಗ ಮಗಳು ಎದ್ದು ಕೂತಳು. "ಅಮ್ಮಾ, ನಾವೀಗ ಮಾಡ್ತಿರೋದು ಅದನ್ನೇ!" ಬದಲಾಗದ ವಸ್ತುಗಳಿಗೆ ಅವರು ಇಮ್ಮ್ಯೂಟಬಲ್ ಎನ್ನುತ್ತಾರಂತೆ. ಒಮ್ಮೆ ಹುಟ್ಟಿಸಿದ ಮೇಲೆ ಅದರ ಒಂದಕ್ಷರವನ್ನೂ ಯಾರೂ ತಿದ್ದುವಂತಿಲ್ಲ. ಔಷಧಿ ಬದಲಾದರೆ ಹೊಸ ಚೀಟಿಯನ್ನೇ ಹುಟ್ಟಿಸಬೇಕು. ಅದು ಬೇರೆ ವಸ್ತುವಾದ್ದರಿಂದ ಗುಮಾಸ್ತ ಪೂರ್ತಿ ಬರೆಯದೆ ವಿಧಿಯಿಲ್ಲ. ಅವನು ಸದರಿ ಎಂದರೆ ನಿಜಕ್ಕೂ ಸದರಿಯೇ. ಮೊದಲಿನಿಂದ ಹೀಗೆ ಕಟ್ಟದೆ ಇದ್ದದ್ದನ್ನು ಈಗ ಹೀಗೆ ಮಾಡಲು ಅವರಿಗೆ ಮೂರು ತಿಂಗಳು ಹಿಡಿಯಿತು.

ಜಾವಾದಲ್ಲಿ ತಾರೀಕು ಹೇಳುವ ವಸ್ತುವೇ ತಿದ್ದಬಹುದಾದದ್ದಾಗಿತ್ತು ಎಂದು ಕೇಳಿದಾಗ ನನಗೆ ಬಾಯಿ ಮುಚ್ಚಲಾಗಲಿಲ್ಲ. ಜೋಶುವಾ ಬ್ಲಾಕ್ ಎಂಬುವರು 2001ರಲ್ಲಿ ಬರೆದ, ಆ ಭಾಷೆಯವರೆಲ್ಲ ಓದುವ ಒಂದು ಪುಸ್ತಕದಲ್ಲಿ ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದಾರಂತೆ. ಒಂದು ಅವಧಿ ಇದೆ, ಅದಕ್ಕೆ ಆರಂಭದ ತಾರೀಕು, ಮುಗಿಯುವ ತಾರೀಕು. ಆರಂಭ ಮೊದಲು, ಕೊನೆ ಆಮೇಲೆ ಇರಬೇಕು ಎಂದು ನೋಡಿ ಒಳಗೆ ಬಿಡುತ್ತೇವೆ. ಆದರೆ ಆ ತಾರೀಕಿನ ವಸ್ತುವಿನ ಇನ್ನೊಂದು ತುದಿಯನ್ನು ಹೊರಗಿನವನೊಬ್ಬ ಹಿಡಿದಿದ್ದರೆ, ಒಳಗೆ ಹೋದ ಮೇಲೆ ಅದನ್ನು ತಿದ್ದಿ ಕೊನೆಯನ್ನು ಆರಂಭಕ್ಕಿಂತ ಹಿಂದೆ ಹಾಕಬಲ್ಲ. ಸಾಲಿನಿಂದ ಬಿಚ್ಚಿ ಮತ್ತೆ ವಸ್ತು ಕಟ್ಟುವಾಗಲೂ ಇದೇ ಮೋಸ ನಡೆಯಬಹುದು. ಆದ್ದರಿಂದ ಬಂದದ್ದನ್ನು ಬಂದ ಹಾಗೆ ಇಟ್ಟುಕೊಳ್ಳಬೇಡಿ, ಮೊದಲು ನಿಮ್ಮದೇ ಒಂದು ನಕಲು ಮಾಡಿಕೊಂಡು ಆಮೇಲೆ ಅದನ್ನು ಪರೀಕ್ಷಿಸಿ ಎಂದು ಅವರು ಹೇಳಿದ್ದಾರೆ. ಪರೀಕ್ಷಿಸಿ ನಕಲು ಮಾಡುವುದಲ್ಲ, ನಕಲು ಮಾಡಿ ಪರೀಕ್ಷಿಸುವುದು. ಈ ಹಿಂದುಮುಂದು ನನಗೆ ಬಹಳ ಹಿಡಿಸಿತು. 2014ರಲ್ಲಿ ಬಂದ ಜಾವಾ 8ರಲ್ಲಿ ತಿದ್ದಲು ಬಾರದ ಹೊಸ ತಾರೀಕುಗಳನ್ನು ಕೊಟ್ಟರಂತೆ. ಹುಟ್ಟಿದ ತಾರೀಕು ಗೊತ್ತಿಲ್ಲದೆ ಬಂದ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆದು ಸೇರಿಸಿಕೊಂಡ ಮೇಷ್ಟರುಗಳ ಪರಂಪರೆಯವಳು ನಾನು. ಆ ತಾರೀಕು ತಪ್ಪೇ ಇರಬಹುದು, ಆದರೆ ಒಮ್ಮೆ ಬರೆದ ಮೇಲೆ ಅಲ್ಲಾಡುವುದಿಲ್ಲ. ಎಷ್ಟು ಜನ ಆ ಜೂನ್ ಒಂದನ್ನೇ ನಂಬಿ ನೌಕರಿಗೆ ಸೇರಿ, ಅದನ್ನೇ ನಂಬಿ ನಿವೃತ್ತರಾದರು!

ಈ ಏರ್ಪಾಡನ್ನು ಮಾಡಿದವರಿಗೂ ಅದರ ಬಗ್ಗೆ ಸಮಾಧಾನವಿಲ್ಲ. ಜಾವಾದ ಮುಖ್ಯ ಶಿಲ್ಪಿ ಎನಿಸಿಕೊಂಡ ಮಾರ್ಕ್ ರೈನ್‌ಹೋಲ್ಡ್ 2018ರಲ್ಲಿ, 1997ರಲ್ಲಿ ಇದನ್ನು ಸೇರಿಸಿದ್ದೇ ಭಾರಿ ತಪ್ಪಾಯಿತು ಎಂಬರ್ಥದ ಮಾತಾಡಿದರು. ಅವರು ಮುಖ್ಯವಾಗಿ ಹೇಳಿದ್ದು ಕಳ್ಳರು ನುಗ್ಗುವ ದಾರಿಯ ಬಗ್ಗೆ. ಆದರೂ ತೆಗೆದುಹಾಕಲು ಆಗಿಲ್ಲ. ಇದನ್ನು ನಂಬಿ ಕಟ್ಟಿದ ಮನೆಗಳು ಲೋಕದ ತುಂಬ ಇವೆ, ತೊಲೆ ಎಳೆದರೆ ಮಾಡು ಬೀಳುತ್ತದೆ. ಈಗಿನವರು ಬೇಕಾದಷ್ಟನ್ನು ಮಾತ್ರ, ಸರಳ ಅಕ್ಷರದಲ್ಲಿ, ಪ್ರತಿಸಲವೂ ಪೂರ್ತಿಯಾಗಿ ಬರೆದು ಕಳಿಸುವುದೇ ಹೆಚ್ಚು. ಅದರಲ್ಲೂ ಬರೆಯುತ್ತಿರುವಾಗಲೇ ಇನ್ನೊಬ್ಬರು ತಿದ್ದಿದರೆ ಅರ್ಧ ಹಳೆಯದು ಅರ್ಧ ಹೊಸದು ಹೋಗಬಹುದು. ಹಾಜರಿ ಕರೆಯುತ್ತಿರುವಾಗ ಹಿಂದಿನ ಬಾಗಿಲಿನಿಂದ ನುಸುಳಿ ಬಂದವನ ಹಾಗೆ.

ಮೂರು ತಿಂಗಳಾದ ಮೇಲೆ ಹೊಸ ಪ್ರೋಗ್ರಾಮನ್ನು ತೋರಿಸಲು ನಮ್ಮ ಹುಡುಗಿಯೇ ಆ ನರ್ಸಿಂಗ್ ಹೋಮಿಗೆ ಹೋಗಿದ್ದಳು. ಅಂದು ರಾತ್ರಿ ಪಾಳಿಯಲ್ಲಿದ್ದ ಸಿಸ್ಟರನ್ನು ಹುಡುಕಿ ಮಾತಾಡಿಸಿದಳು. ಅವರು ಇದು ಯಾಕೆ ಹೀಗಾಯಿತು, ಯಾರ ತಪ್ಪು ಎಂದು ಕೇಳಲೇ ಇಲ್ಲವಂತೆ. ಕೇಳಿದ್ದು ಒಂದೇ: ಪರದೆಯ ಮೇಲೆ ಪ್ರತಿ ಔಷಧಿಯ ಪಕ್ಕದಲ್ಲಿ ಅದನ್ನು ಡಾಕ್ಟರು ಎಷ್ಟು ಗಂಟೆಗೆ ಬರೆದರು ಎಂದು ಸಣ್ಣ ಅಕ್ಷರದಲ್ಲಿ ಹಾಕಲು ಆಗುತ್ತದೆಯೇ? ಬೆಳಿಗ್ಗೆ ರೌಂಡ್ಸ್ ಆದ ಮೇಲೂ ನಿನ್ನೆಯ ಗಂಟೆ ಕಂಡರೆ ತಾವೇ ತಿಳಿದುಕೊಳ್ಳುತ್ತೇವೆ ಎಂದರಂತೆ. ಆಗುತ್ತದೆ, ಅರ್ಧ ದಿನದ ಕೆಲಸ. ಅಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಈಗ ಎಲ್ಲ ಪರದೆಗಳ ಮೇಲೂ ಆ ಗಂಟೆ ಕಾಣುತ್ತದೆ. ಸಿಸ್ಟರು ಮಾತ್ರ ಇಂದಿಗೂ ಕಾಗದವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಪರದೆ ನೋಡುತ್ತಾರಂತೆ. ಮಗಳು ಬೇಡ ಎನ್ನಲಿಲ್ಲ.